ಇಳಿಯದ ಕೆಂಪು ಮುಳ್ಳು

ಹೊನ್ನಗುಂಡಿ ಸಂಸ್ಥಾನದ ದೊರೆ ಸಿಂಗರಸರಿಗೆ ಎರಡು ಹೆಮ್ಮೆ. ಸುತ್ತಮುತ್ತ ಯಾವ ದೊರೆಯ ಹತ್ತಿರವೂ ಇಲ್ಲದ ಕರೆಂಟು ತಮ್ಮ ಊರಲ್ಲಿದೆ ಅನ್ನೋದು ಒಂದು. ದಾನದಲ್ಲಿ ತಮ್ಮನ್ನು ಮೀರಿಸುವವರು ಹುಟ್ಟಿಲ್ಲ, ಇನ್ನು ಹುಟ್ಟೋದೂ ಇಲ್ಲ ಅನ್ನೋದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದಕ್ಕೆ ಒಂದು ಫೋಟೋ ಇತ್ತು.

ಆ ಫೋಟೋ ದರ್ಬಾರಿನ ಗೋಡೆಗೆ, ಸಿಂಹಾಸನದ ನೆತ್ತಿಗೆ ಸರಿಯಾಗಿ ತೂಗುತ್ತಿತ್ತು. ಹುಟ್ಟುಹಬ್ಬದ ದಿನ ದೊರೆಗಳು ಸೊಂಟ ಬಗ್ಗಿಸಿ, ಬೆಳ್ಳಿ ಸೌಟಿನಲ್ಲಿ ಪ್ರಜೆಗಳ ಎಲೆಗೆ ಪಾಯಸ ಬಡಿಸುತ್ತಿದ್ದ ಚಿತ್ರ. ಬಡಿಸಿದ್ದು ಕಾಲು ಗಂಟೆ. ಫೋಟೋದವನು ಪೆಟ್ಟಿಗೆ ಮಡಚಿದ, ದೊರೆಗಳು ಸೌಟು ಇಟ್ಟು ಒಳಗೆ ಹೋದರು. ಹಿಂದಿನ ಸಾಲಿನವರು ಖಾಲಿ ಎಲೆ ನೋಡಿಕೊಂಡು ಎದ್ದು ಬಂದರು.

ಅದೇ ದಿನ ಇನ್ನೊಂದು ವೈಭವವೂ ನಡೆದಿತ್ತು. ಅರಮನೆಯ ತೋಪು ಹಾರಿದೊಡನೆ ಊರಿನ ಗಿರಣಿಯವರೆಲ್ಲ ಇದ್ದಬದ್ದ ಯಂತ್ರಗಳನ್ನು ಒಟ್ಟಿಗೇ ಓಡಿಸಿ ದೊರೆಗಳಿಗೆ ಗೌರವ ಸಲ್ಲಿಸಬೇಕು ಅಂತ ಅಪ್ಪಣೆಯಾಗಿತ್ತು. ಅಕ್ಕಿ ಗಿರಣಿಯ ಚೆನ್ನಾಜಮ್ಮ ಪಾಪ, ನಿಯತ್ತಿನ ಹೆಂಗಸು. ದಿನಾ ಒಂದು ನಿಲ್ಲಿಸಿ ಇನ್ನೊಂದು ಓಡಿಸುತ್ತಿದ್ದವಳು ಅವತ್ತು ಎಲ್ಲವನ್ನೂ ಒಂದೇ ಸಲ ಗುಡುಗಿಸಿದಳು.

ಆಮೇಲೆ ಬಂದ ಕರೆಂಟು ಬಿಲ್ಲು ಯಾವತ್ತಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಕಟ್ಟದಿದ್ದರೆ ಅಮಾವಾಸ್ಯೆಗೆ ಗಿರಣಿಗೆ ಬೀಗ ಅಂತ ಕರೆಂಟಿನ ಲೆಕ್ಕ ನೋಡುವ ಬಕ್ಷಿ ವೆಂಕೋಬರಾಯರು ಹೇಳಿ ಕಳಿಸಿದ್ದರು. ಗಂಡ ಸತ್ತ ಮೇಲೆ ಒಬ್ಬಳೇ ಹಲ್ಲು ಕಚ್ಚಿ ನಡೆಸಿದ ಗಿರಣಿ, ಅದನ್ನೇ ನಂಬಿದ ಮನೆಗಳು ಕೇರಿ ತುಂಬ. ಅವಳು ನೇರ ಓಬಳಯ್ಯನ ಮನೆ ಬಾಗಿಲಿಗೆ ಬಂದಳು.

ಓಬಳಯ್ಯ ದೊರೆಗಳಿಗೆ ವೀಳ್ಯ ಮಡಿಸಿ ಕೊಡುವವನು. ಸುಣ್ಣ ಹೆಚ್ಚಾದ ಎಲೆಯ ಹಾಗೆ ಅವನ ಮಾತು ಮೊದಲು ತಣ್ಣಗಿದ್ದು ಆಮೇಲೆ ಸುಡೋದು. ಚೆನ್ನಾಜಮ್ಮನ ಗೋಳು ಕೇಳಿ ಅವನಿಗೆ ಮೈಯೆಲ್ಲ ಉರಿಯಿತು. ದೊರೆಗೆ ಗೌರವ ಕೊಟ್ಟ ತಪ್ಪಿಗೆ ದಂಡ, ಇದ್ಯಾವ ನ್ಯಾಯ ಅಂದುಕೊಂಡ. ಬಾಯಲ್ಲಿ ಮಾತ್ರ, ಊರವರನ್ನೆಲ್ಲ ನಾಳಿದ್ದು ಮಧ್ಯಾಹ್ನ ಹಸಿದುಕೊಂಡಿರೋಕೆ ಹೇಳಮ್ಮ ಅಂದ.

ಮಾರನೆಯ ದಿನ ದರ್ಬಾರಿನಲ್ಲಿ ವೀಳ್ಯ ಮಡಿಸುತ್ತಾ, ಏನೂ ಅರಿಯದ ಮಗುವಿನಂತೆ ಬಕ್ಷಿಗಳನ್ನು ಕೇಳಿದ, ಈ ಕರೆಂಟಿನ ಲೆಕ್ಕ ಏನು ಸ್ವಾಮಿ ಅಂತ. ಬಕ್ಷಿಗಳಿಗೆ ಇಂಥ ಪ್ರಶ್ನೆ ಅಂದರೆ ಹಬ್ಬದೂಟ. ಸಣ್ಣ ಮನೆಯವರು ಉರಿಸಿದಷ್ಟಕ್ಕೆ ಕಟ್ಟಿದರೆ ಮುಗಿಯಿತಂತೆ. ದೊಡ್ಡ ಗಿರಾಕಿಗಳ ಮೀಟರಿನಲ್ಲಿ ಮಾತ್ರ ಒಂದು ಕೆಂಪು ಮುಳ್ಳೂ ಇರುತ್ತದಂತೆ. ಯಾವ ಕಾಲು ಗಂಟೆಯಲ್ಲಿ ಅತಿ ಹೆಚ್ಚು ಕರೆಂಟು ಎಳೆದರೋ ಆ ಎತ್ತರಕ್ಕೆ ಅದು ಹತ್ತಿ, ಅಲ್ಲೇ ನಿಂತುಬಿಡುತ್ತದೆ. ಉರಿಸಿದ್ದಕ್ಕೆ ಕಟ್ಟೋದರ ಜೊತೆಗೆ ಆ ಎತ್ತರಕ್ಕೂ ವರ್ಷವಿಡೀ ಕಟ್ಟಬೇಕು. ಯಾಕೆಂದರೆ ಅವರು ಮತ್ತೆ ಯಾವಾಗ ಅಷ್ಟು ಕೇಳಿಯಾರೋ ಅಂತ ಪವರ್ ಹೌಸು ಸದಾ ಸಜ್ಜಾಗಿರಬೇಕಲ್ಲ.

ಮಾತಲ್ಲಿ ಹುರುಳಿಲ್ಲದೆ ಇರಲಿಲ್ಲ, ಓಬಳಯ್ಯನೂ ಒಪ್ಪಿದ. ದೊಡ್ಡ ಊಟಕ್ಕೆ ದೊಡ್ಡ ಹಂಡೆಯೇ ಬೇಕು. ಆದರೆ ಹಂಡೆ ಒಲೆಗೇರಿಸಿ ಅಂತ ಅಪ್ಪಣೆ ಮಾಡಿದವರು ಯಾರು ಅನ್ನೋದನ್ನು ಬಕ್ಷಿಗಳು ನೀರು ಕುಡಿದಷ್ಟು ಸಲೀಸಾಗಿ ನುಂಗಿದ್ದರು.

ದೊರೆಗಳು ತಲೆದೂಗಿದರು. "ಎಂಥ ಒಳ್ಳೆ ಕಾನೂನು. ದೊಡ್ಡವರನ್ನ ಅವರು ಮುಟ್ಟಿದ ಎತ್ತರದಿಂದಲೇ ಅಳೀಬೇಕು."

"ಎಲ್ಲ ದೊಡ್ಡವರನ್ನೂ ತಾನೇ, ಬುದ್ಧಿ?" ಅಂದ ಓಬಳಯ್ಯ.

"ಎಲ್ಲರನ್ನೂ. ನಮ್ಮನ್ನೂ ಸೇರಿಸಿ. ಡಂಗುರ ಹೊಡೆಸು."

ಓಬಳಯ್ಯ ಹೊಡೆಸಿದ. ಅದೂ ಕೇರಿ ಕೇರಿಗೆ.

ಮರುದಿನ ಮಧ್ಯಾಹ್ನ ದೊರೆಗಳು ಬಿಸಿಲುಮಚ್ಚಿಗೆ ಬಂದು ನೋಡುತ್ತಾರೆ, ಅರಮನೆ ಅಂಗಳದ ತುಂಬ ಜನ ಸಾಲಾಗಿ ಎಲೆ ಹಾಕಿಕೊಂಡು ಕೂತಿದ್ದಾರೆ. ಮುಂದಿನ ಸಾಲಿನಲ್ಲಿ ಅವತ್ತು ಖಾಲಿ ಎಲೆ ಬಿಟ್ಟು ಎದ್ದವರು. ಓಬಳಯ್ಯನ ಕೈಯಲ್ಲಿ ಬೆಳ್ಳಿ ಸೌಟು, ಪಕ್ಕದಲ್ಲಿ ಅರಮನೆ ಅಡುಗೆಮನೆಯಿಂದ ತರಿಸಿದ ಪಾಯಸದ ಕೊಳಗ.

ಇದೇನು ಗಲಾಟೆ ಅಂತ ದೊರೆಗಳು ಗದರಿದರು. ಓಬಳಯ್ಯ ಅವರನ್ನು ವಿನಯದಿಂದ ದರ್ಬಾರಿಗೆ ಕರೆದೊಯ್ದು ಗೋಡೆ ತೋರಿಸಿದ.

"ಹುಟ್ಟುಹಬ್ಬದ ಕಾಲು ಗಂಟೆಯಲ್ಲಿ ತಮ್ಮ ದಾನ ಈ ಎತ್ತರ ಮುಟ್ಟಿತ್ತು, ಪ್ರಭು. ಅವತ್ತಿಂದ ಇಳಿದೇ ಇಲ್ಲ, ಇಲ್ಲೇ ತೂಗ್ತಾ ಇದೆ. ಈ ಫೋಟೋನೇ ತಮ್ಮ ಕೆಂಪು ಮುಳ್ಳು. ಇನ್ನು ವರ್ಷವಿಡೀ ಇದೇ ಅಳತೆ."

ದೊರೆಗಳು ಫೋಟೋ ನೋಡಿದರು. ಇಳಿಸಿದರೆ ಮಾನ ಹೋಗುತ್ತೆ, ಇಳಿಸದಿದ್ದರೆ ಸೊಂಟ ಹೋಗುತ್ತೆ. ಡಂಗುರ ಬೇರೆ ಹೊಡೆಸಿಯಾಗಿದೆ. ಗತಿಯಿಲ್ಲದೆ ಸೌಟು ಹಿಡಿದು ಅಂಗಳಕ್ಕಿಳಿದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಬೆನ್ನು ಹಿಡಿಯಿತು, ಎರಡನೆಯದರಲ್ಲಿ ಕಿರೀಟ ಪಾಯಸದ ಕೊಳಗಕ್ಕೆ ಜಾರಿತು. ಆಗ ಎದುರಿನ ಎಲೆಯ ಮುಂದೆ ಕಣ್ಣು ತಗ್ಗಿಸಿ ಕೂತಿದ್ದವಳು ಚೆನ್ನಾಜಮ್ಮ.

"ಇವಳದ್ದೂ ಒಂದು ಕಾಲು ಗಂಟೆ, ಪ್ರಭು," ಅಂದ ಓಬಳಯ್ಯ. "ತಮ್ಮ ತೋಪಿನ ಗೌರವಕ್ಕೆ ಹತ್ತಿದ ಮುಳ್ಳು. ಅಮಾವಾಸ್ಯೆಗೆ ಇವಳ ಗಿರಣಿಗೆ ಬೀಗ."

ದೊರೆಗಳು ಕಿರೀಟ ಒರೆಸಿಕೊಂಡರು. ಆಮೇಲೆ ಸೊಂಟ ಹಿಡಿದುಕೊಂಡೇ ನಕ್ಕರು. ಅರಮನೆ ಅಪ್ಪಣೆಗೆ ಹತ್ತಿದ ಮುಳ್ಳನ್ನು ಅರಮನೆಯೇ ಇಳಿಸಬೇಕು, ಬೀಗದ ಮಾತು ಎತ್ತಕೂಡದು ಅಂತ ಅಲ್ಲೇ ಆಜ್ಞೆಯಾಯಿತು. ಚೆನ್ನಾಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇನ್ನು ಉಳಿದ ಸಾಲುಗಳ ಗತಿ? ದೊರೆಗಳು ಸುತ್ತ ನೋಡಿ, ಇಷ್ಟು ಒಳ್ಳೆ ಕಾನೂನು ತಂದವರೇ ಬಡಿಸಲಿ ಅಂತ ಸೌಟನ್ನು ಬಕ್ಷಿಗಳ ಕೈಗೆ ಕೊಟ್ಟರು.

ಬಕ್ಷಿಗಳು ಸಿಟ್ಟಿನಲ್ಲಿ ಪಂಚೆ ಎತ್ತಿಕಟ್ಟಿ, ಬೇಗ ಮುಗಿಸಿಬಿಡೋಣ ಅಂತ ಸರಸರ ಬಡಿಸತೊಡಗಿದರು. ಓಬಳಯ್ಯ ಹತ್ತಿರ ಹೋಗಿ ಕಿವಿಯಲ್ಲಿ ಮೆಲ್ಲಗೆ ಹೇಳಿದ:

"ಸ್ವಲ್ಪ ನಿಧಾನ, ಸ್ವಾಮಿ. ಕಾಲು ಗಂಟೆ ಹೀಗೇ ಬಡಿಸಿದರೆ ವರ್ಷವಿಡೀ ಇದೇ ಅಳತೆ ಆದೀತು."