ಕಾಣದ ಜಲಜನಕ

"ಗುರುಗಳೇ, ಒಂದು ವಸ್ತುವನ್ನು ಚೆನ್ನಾಗಿ ಹುಡುಕಿದ ಮೇಲೂ ಕಾಣದಿದ್ದರೆ ಅದು ಇಲ್ಲ ಎಂದು ಹೇಳಬಹುದಲ್ಲವೇ?" ಎಂದು ವಾಮನ ಕೇಳಿದ.

ಆಚಾರ್ಯರು ಆಗ ತಾನೇ ತರ್ಕದ ಪಾಠ ಮುಗಿಸಿದ್ದರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆ ಇಲ್ಲವೆಂದು ತಿಳಿಯುತ್ತದೆ ಎಂಬ ಮಾತು ಶಿಷ್ಯನಿಗೆ ಬಹಳ ಹಿಡಿಸಿತ್ತು. ಗುರುಗಳು ಹೌದೆಂದರೆ ಎದ್ದುಹೋಗಲು ಸಿದ್ಧನಾಗಿದ್ದ. ಆಚಾರ್ಯರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಸಂಶೋಧಕಿ ಇದ್ದಳು. ಹೆಸರು ಪ್ರಫುಲ್ಲೆ. ನಮ್ಮ ನೆರೆಹೊರೆಯ ಗೆಲಾಕ್ಸಿಗಳಲ್ಲಿ ಎಷ್ಟು ಜಲಜನಕ ಅನಿಲವಿದೆ ಎಂದು ಅಳೆಯುವುದು ಅವಳ ಕೆಲಸ. ನಕ್ಷತ್ರಗಳು ಹುಟ್ಟುವುದು ಆ ಅನಿಲದಿಂದ. ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ತೀರಾ ಕ್ಷೀಣವಾದ ರೇಡಿಯೊ ಅಲೆಯನ್ನು ಹೊಮ್ಮಿಸುತ್ತದೆ. ಬಯಲಿನಲ್ಲಿ ದೂರ ದೂರ ನಿಲ್ಲಿಸಿದ ಇಪ್ಪತ್ತೆಂಟು ಡಿಶ್‌ಗಳು ಆ ಅಲೆಯನ್ನು ಹಿಡಿಯುತ್ತಿದ್ದವು. ಎಲ್ಲವೂ ಸೇರಿ ಒಂದೇ ದೂರದರ್ಶಕದಂತೆ ಕೆಲಸ ಮಾಡುತ್ತಿದ್ದವು.

ಇಪ್ಪತ್ತೈದು ವರ್ಷಗಳ ಹಿಂದೆ ಒಬ್ಬ ವಿಜ್ಞಾನಿ ಇದೇ ಕೆಲಸ ಮಾಡಿದ್ದರು. ಆಗ ಅವರಿಗೆ ಸಿಕ್ಕಿದ್ದು ಒಂದೇ ಡಿಶ್, ಬಲು ದೊಡ್ಡದು. ಅದರಿಂದ ಎಂಬತ್ತು ಗೆಲಾಕ್ಸಿಗಳನ್ನು ಅಳೆದು ಪಟ್ಟಿ ಮಾಡಿದ್ದರು. ಆಮೇಲೆ ಬಂದವರೆಲ್ಲ ಆ ಪಟ್ಟಿಯನ್ನು ನಂಬಿ ನಡೆದರು. ಪ್ರಫುಲ್ಲೆ ಈ ವಿದ್ಯೆಯ ಮೊದಲ ಪಾಠ ಕಲಿತದ್ದೂ ಅವರ ಬಳಿಯೇ.

ಆ ಪಟ್ಟಿಯಲ್ಲಿದ್ದ ಒಂದು ಗೆಲಾಕ್ಸಿಯನ್ನು ಅವಳು ಮೂರು ವರ್ಷ ನೋಡಿದಳು. ಅದರ ಸುತ್ತ ಅಗಲವಾಗಿ, ತೆಳ್ಳಗೆ, ಜಲಜನಕದ ಮೋಡವೊಂದು ಹರಡಿಕೊಂಡಿದೆ ಎಂದು ಆ ಹಿರಿಯ ವಿಜ್ಞಾನಿ ಬರೆದಿದ್ದರು. ಒಳಗೆ ಇರುವಷ್ಟೇ ಅನಿಲ ಹೊರಗೂ ಇದೆ ಎಂಬುದು ಅವರ ಅಳತೆ. ಅವಳ ಚಿತ್ರ ಅದೆಷ್ಟು ಸ್ಪಷ್ಟವಾಗಿ ಬಂತೆಂದರೆ, ಗೆಲಾಕ್ಸಿಯ ಸುರುಳಿಗಳನ್ನು ಬೆರಳಿಟ್ಟು ಎಣಿಸಬಹುದಿತ್ತು. ಆದರೆ ಸುರುಳಿಗಳ ಆಚೆ ಏನೂ ಇರಲಿಲ್ಲ. ಮತ್ತೊಮ್ಮೆ ನೋಡಿದಳು. ಆಗಲೂ ಇರಲಿಲ್ಲ.

ಅವಳು ಲೇಖನ ಬರೆದಳು. 'ಈ ಗೆಲಾಕ್ಸಿಯ ಸುತ್ತ ಅನಿಲದ ಮೋಡ ಇಲ್ಲ. ಆದ್ದರಿಂದ ಹಳೆಯ ಪಟ್ಟಿಯ ಉಳಿದ ಅಳತೆಗಳನ್ನೂ ನಂಬುವಂತಿಲ್ಲ' ಎಂದು ಮುಗಿಸಿದಳು. ಪತ್ರಿಕೆಯವರು ಒಪ್ಪಿಕೊಂಡರು. ಅಚ್ಚಾಗಿ ಬರುವ ಮೊದಲೇ ಈ ಮಾತು ತನ್ನ ಬಾಯಿಂದಲೇ ಹಿರಿಯರಿಗೆ ತಿಳಿಯಲಿ ಎಂದು ಅವರ ಕೋಣೆಗೆ ಹೋದಳು. ನಿವೃತ್ತರಾಗಿದ್ದರೂ ಅವರು ದಿನವೂ ಸಂಸ್ಥೆಗೆ ಬರುತ್ತಿದ್ದರು.

ಹಿರಿಯರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಎಷ್ಟು ಚೆನ್ನಾಗಿ ಬಂದಿದೆಯಮ್ಮ!" ಎಂದರು. ಆಮೇಲೆ, "ನಾನೇ ಎಲ್ಲೋ ಎಡವಿದೆನೋ ಏನೋ. ನೋಡುತ್ತೇನೆ" ಎಂದರು.

ಅವಳು ವಾದಕ್ಕೆ ಸಿದ್ಧಳಾಗಿ ಹೋಗಿದ್ದಳು. ಇಂಥ ಮಾತಿಗೆ ಸಿದ್ಧಳಾಗಿರಲಿಲ್ಲ. ಮರುದಿನದಿಂದ ಹಿರಿಯರು ಹಳೆಯ ಕಾಗದದ ಸುರುಳಿಗಳನ್ನು ಹೊರತೆಗೆದು, ಭೂತಗನ್ನಡಿ ಹಿಡಿದು, ಎಂಬತ್ತು ಅಳತೆಗಳನ್ನೂ ಮೊದಲಿನಿಂದ ಪರಿಶೀಲಿಸಲು ಕುಳಿತರು. ಎಲ್ಲಿ ತಪ್ಪಿದೆನೆಂದು ಹುಡುಕುತ್ತಿದ್ದರು. ಬಾಗಿಲ ಮುಂದೆ ಹಾದುಹೋಗುವಾಗಲೆಲ್ಲ ಅವರ ಬಗ್ಗಿದ ಬೆನ್ನು ಅವಳಿಗೆ ಕಾಣುತ್ತಿತ್ತು. ಅವರು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತಿತ್ತು. ಎರಡು ವಾರ ಹೀಗೇ ಕಳೆಯಿತು. ಲೇಖನ ಅಚ್ಚಿಗೆ ಹೋಗಲು ನಾಲ್ಕು ದಿನ ಉಳಿದಿತ್ತು.

ಅಷ್ಟು ತೂಕದ ಮನುಷ್ಯ ತನ್ನನ್ನೇ ಸಂಶಯಿಸಿಕೊಂಡು ಕೂತಿರುವಾಗ, ತಾನು ಒಮ್ಮೆಯಾದರೂ ತನ್ನನ್ನು ಸಂಶಯಿಸಿಕೊಂಡೆನೇ ಎಂದು ಅವಳು ಕೇಳಿಕೊಂಡಳು. ದೂರ ದೂರ ನಿಂತ ಡಿಶ್‌ಗಳು ಸಣ್ಣದನ್ನು ಬಿಡಿಸಿ ತೋರಿಸುತ್ತವೆ. ತೀರಾ ಅಗಲವಾಗಿ, ಒಂದೇ ಸಮ ಹರಡಿದ್ದು ಅವುಗಳ ಹಿಡಿತಕ್ಕೆ ಸಿಗದೆ ಜಾರಿಹೋಗುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈ ಗೆಲಾಕ್ಸಿಯಲ್ಲಿ ಅದು ಅಡ್ಡ ಬರಲಾರದು ಎಂದುಕೊಂಡಿದ್ದಳು. ಅಂದುಕೊಂಡಿದ್ದಳೇ ಹೊರತು ಪರೀಕ್ಷಿಸಿರಲಿಲ್ಲ.

ಆ ಬೆಳಿಗ್ಗೆ ಪರೀಕ್ಷಿಸಿದಳು. ಹಿರಿಯರು ಹೇಳಿದಷ್ಟೇ ಅಗಲದ, ಅಷ್ಟೇ ಅನಿಲದ ಒಂದು ಮೋಡವನ್ನು ಕಂಪ್ಯೂಟರಿನಲ್ಲಿ ಕಟ್ಟಿದಳು. ತನ್ನ ಇಪ್ಪತ್ತೆಂಟು ಡಿಶ್‌ಗಳು ಅದನ್ನು ನೋಡಿದರೆ ಏನು ಕಾಣುತ್ತದೆ ಎಂದು ಕೇಳಿದಳು. ಮೋಡವನ್ನು ಇಟ್ಟವಳು ಅವಳೇ. ಅದು ಅಲ್ಲಿದೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ.

ಊಟದ ಹೊತ್ತಿಗೆ ಉತ್ತರ ಬಂತು. ಪರದೆ ಬರಿದಾಗಿತ್ತು.

ತಾನು ಕೈಯಾರೆ ಇಟ್ಟದ್ದೇ ತನಗೆ ಕಾಣಲಿಲ್ಲ. ಕೂಡಲೇ ಹಿರಿಯರ ಹಳೆಯ ದಾಖಲೆಯನ್ನು ತೆಗೆದು ತನ್ನದರ ಜೊತೆ ಕೂಡಿಸಿದಳು. ಒಂದೇ ಡಿಶ್ ಸುರುಳಿಗಳನ್ನು ಬಿಡಿಸಿ ನೋಡಲಾರದು, ಆದರೆ ಇರುವುದನ್ನೆಲ್ಲ ಒಟ್ಟಾಗಿ ಹಿಡಿಯುತ್ತದೆ. ಕೂಡಿಸಿದ ಚಿತ್ರದಲ್ಲಿ ಸುರುಳಿಗಳು ಇದ್ದಂತೆಯೇ ಉಳಿದವು. ಅವುಗಳ ಸುತ್ತ, ಹಿರಿಯರು ಬರೆದಿಟ್ಟ ಜಾಗದಲ್ಲಿಯೇ, ಮೋಡ ಮೂಡಿತು.

ಅವಳು ಪತ್ರಿಕೆಗೆ ಫೋನ್ ಮಾಡಿ ಲೇಖನವನ್ನು ತಡೆಹಿಡಿಸಿದಳು. ನಿಂತ ನಿಲುವಿನಲ್ಲೇ ಹಿರಿಯರ ಕೋಣೆಗೆ ಓಡಿದಳು. ಅವರು ನಲವತ್ತಮೂರನೆಯ ಗೆಲಾಕ್ಸಿಯಲ್ಲಿದ್ದರು.

"ಸಾಕು ಬಿಡಿ ಸರ್, ಇನ್ನು ನೋಡಬೇಡಿ. ಮೋಡ ಇದೆ."

"ಹಾಗಾದರೆ ನಿನ್ನ ಚಿತ್ರ ಹಾಳಾಯಿತೇ?" ಎಂದು ಅವರು ಗಾಬರಿಯಿಂದ ಕೇಳಿದರು. ಗೆದ್ದವರ ದನಿ ಅದಾಗಿರಲಿಲ್ಲ.

"ಇಲ್ಲ ಸರ್. ಚಿತ್ರವೂ ಸರಿ, ನಿಮ್ಮ ಅಳತೆಯೂ ಸರಿ. ನನ್ನ ಎರಡು ವಾಕ್ಯ ತಪ್ಪು. ಅವು ಅಚ್ಚಾಗದಂತೆ ತಡೆದು ಬಂದೆ."

ಹಿರಿಯರು ಭೂತಗನ್ನಡಿಯನ್ನು ಕೆಳಗಿಟ್ಟರು. ಕುರ್ಚಿಗೆ ಒರಗಿ, ಎರಡೂ ಕೈಗಳಿಂದ ಮುಖ ಒರೆಸಿಕೊಂಡರು. "ಅಬ್ಬಾ! ಎರಡು ವಾರದಿಂದ ಊಟ ಸೇರಿಲ್ಲ ಕಣಮ್ಮ" ಎಂದರು. "ನನಗೂ ಅಷ್ಟೇ ಸರ್" ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂತು, ಹಿಂದೆಯೇ ನಗುವೂ ಬಂತು. ಹಿರಿಯರ ಡಬ್ಬಿಯಲ್ಲಿ ಮೊಸರನ್ನ ಇತ್ತು. ಕಾಗದದ ಸುರುಳಿಗಳನ್ನು ಪಕ್ಕಕ್ಕೆ ಸರಿಸಿ, ಇಬ್ಬರೂ ಅದನ್ನು ಹಂಚಿಕೊಂಡು ಉಂಡರು. ಆಮೇಲೆ ಬಂದ ಲೇಖನದಲ್ಲಿ ಇಬ್ಬರ ಹೆಸರೂ ಇತ್ತು.

ಆಚಾರ್ಯರು ಇಲ್ಲಿಗೆ ಕತೆ ನಿಲ್ಲಿಸಿದರು. ವಾಮನ ನಿಟ್ಟುಸಿರು ಬಿಟ್ಟ. ಎಲ್ಲ ಸುಖವಾಗಿ ಮುಗಿದದ್ದು ಅವನಿಗೆ ಸಮಾಧಾನ ತಂದಿತ್ತು.

"ಅಂತೂ ಆ ಇಪ್ಪತ್ತೆಂಟು ಡಿಶ್‌ಗಳೇ ಅವಳಿಗೆ ಸುಳ್ಳು ಹೇಳಿದವು" ಎಂದ.

"ಅವು ಕಾಣಲಿಲ್ಲ ಎಂದವು, ಮಗು, ಇಲ್ಲ ಎಂದದ್ದು ಯಾರು?" ಎಂದರು ಆಚಾರ್ಯರು.