ಬಿಡಲು ಹೆದರಿದವನು

ಹೊಳೆದಂಡೆಯ ಆಶ್ರಮದಲ್ಲಿ ಚೆನ್ನಮಲ್ಲ ಗುರುಗಳು ಪ್ರೋಗ್ರಾಮ್ ಬರೆಯುವ ವಿದ್ಯೆ ಕಲಿಸುತ್ತಿದ್ದರು. ಹೊಳೆ ಏರಿದರೆ ಕೆಳಗಿನ ಬೆಸ್ತರ ಕೇರಿಗೆ ಕೇಳುವಂತೆ ಸೈರನ್ ಕೂಗಿಸುವ ಪ್ರೋಗ್ರಾಮ್ ಆಶ್ರಮದ್ದೇ.

ಅದರ ಸಾಲುಗಳನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ತಂತ್ರಾಂಶ ಮೆಮೊರಿಯಲ್ಲಿ ಬೇಕಾದ ಜಾಗವನ್ನು ತಾನೇ ಪಡೆದು, ಬೇಡವಾದಾಗ ತಾನೇ ಬಿಟ್ಟುಕೊಡುತ್ತಿತ್ತು. ಆದರೆ ನೀರಿನ ಮಟ್ಟ ಅಳೆಯುವ ಭಾಗವನ್ನು ಶಿಷ್ಯ ತಿಪ್ಪೇಶ ಸಿ ಭಾಷೆಯಲ್ಲಿ ಬರೆದು ಅದಕ್ಕೆ ಜೋಡಿಸಿದ್ದ. ಅಲ್ಲಿ ಆ ಅನುಕೂಲವಿಲ್ಲ. ಜಾಗ ಪಡೆದವನೇ ಬಿಟ್ಟುಕೊಡಬೇಕು.

ಮಳೆಗಾಲದ ಒಂದು ಮಧ್ಯಾಹ್ನ ತಿಪ್ಪೇಶ ಕಿಟಕಿಯಾಚೆ ನೋಡಿದ. ಸ್ನಾನದ ಮೆಟ್ಟಿಲುಗಳು ಮುಳುಗಿದ್ದವು. ಪರದೆಯ ಮೇಲೆ ಮಾತ್ರ ನೀರು ತಳದಲ್ಲೇ ಇತ್ತು. ಸೈರನ್ ಕೂಗಿರಲಿಲ್ಲ.

ಅವನು ಓಡಿಹೋಗಿ ಸೈರನ್ನಿನ ಗುಂಡಿ ಒತ್ತಿದ. ಕೇರಿಯವರು ಮಕ್ಕಳನ್ನು ಎತ್ತಿಕೊಂಡು ದಿಬ್ಬ ಹತ್ತಿದರು. ಕೊನೆಗೆ ಬಂದ ದುರುಗಜ್ಜಿಯ ಸೀರೆ ಎದೆಮಟ್ಟ ನೆನೆದಿತ್ತು.

ನೀರು ಇಳಿದ ಮೇಲೆ ಗುರುಗಳು ಕೋಡ್ ಓದಿದರು.

“ಈ ಸಾಲಿನಲ್ಲಿ ಯಾವುದನ್ನು ಬಿಟ್ಟುಕೊಟ್ಟೆ?”

“ನೀರಿನ ಮಟ್ಟ ಬರೆದಿಟ್ಟ ಜಾಗವನ್ನು, ಗುರುಗಳೇ. ನನ್ನ ಕೆಲಸ ಮುಗಿದಿತ್ತು.”

“ಅದನ್ನು ಪಡೆದವನು ನೀನೋ?”

“ಅಲ್ಲ. ಇಂಟರ್‌ಪ್ರಿಟರ್ ನನಗೆ ಬಳಸಲು ಕೊಟ್ಟಿತ್ತು.”

“ಅದಿನ್ನೂ ಅಲ್ಲಿಂದಲೇ ಓದುತ್ತಿತ್ತು. ನೀನು ಖಾಲಿ ಮಾಡಿಸಿದ ಜಾಗದಲ್ಲಿ ಇನ್ಯಾವುದೋ ಅಂಕಿ ಬಂದು ಕೂತಿತು.”

ಅಂದಿನಿಂದ ಜಾಗ ಬಿಟ್ಟುಕೊಡುವ ಸಾಲು ಕಂಡರೆ ತಿಪ್ಪೇಶ ಹೆದರತೊಡಗಿದ. ಅಂಥ ಸಾಲುಗಳನ್ನೆಲ್ಲ ಅಳಿಸಿಬಿಟ್ಟ. ಇನ್ನು ತಪ್ಪಾಗಲಾರದು ಎಂದುಕೊಂಡ.

ಪ್ರೋಗ್ರಾಮ್ ನಡೆಯಿತು. ಆದರೆ ಪ್ರತಿ ಅಳತೆಗೂ ಹೊಸ ಜಾಗ ಬೇಕು. ಹಳೆಯದು ಮರಳಿ ಬರುತ್ತಿರಲಿಲ್ಲ. ಮೆಮೊರಿ ತುಂಬುತ್ತ ಬಂದು ಯಂತ್ರ ಏದುಸಿರು ಬಿಡತೊಡಗಿತು. ತಿಪ್ಪೇಶ ಯಾರಿಗೂ ಹೇಳದೆ ದಿನಾ ಪ್ರೋಗ್ರಾಮ್ ನಿಲ್ಲಿಸಿ ಮತ್ತೆ ಶುರುಮಾಡುತ್ತಿದ್ದ. ಅಷ್ಟು ಹೊತ್ತು ಹೊಳೆಯನ್ನು ನೋಡುವವರಿರಲಿಲ್ಲ.

ಹಾಗೆ ನಿಲ್ಲಿಸಿದ್ದಾಗಲೇ ಗುರುಗಳು ಒಳಗೆ ಬಂದರು.

“ಯಾಕೆ ನಿಲ್ಲಿಸಿದೆ?”

“ಮೆಮೊರಿ ತುಂಬಿದೆ.”

“ಬಿಟ್ಟುಕೊಡು.”

“ಆಗುವುದಿಲ್ಲ, ಗುರುಗಳೇ. ಮತ್ತೆ ಬೇರೆಯವರದ್ದನ್ನು ಬಿಟ್ಟರೆ? ಆಶ್ರಮದಲ್ಲಿ ಮುಖ ತೋರಿಸುವುದು ಹೇಗೆ?”

ಗುರುಗಳು ಪ್ರೋಗ್ರಾಮನ್ನು ತಾವೇ ಮತ್ತೆ ಶುರುಮಾಡಿದರು. ಅವನ ಲ್ಯಾಪ್‌ಟಾಪ್ ಎತ್ತಿಕೊಂಡು ಕೇರಿಯತ್ತ ನಡೆದರು. ತಿಪ್ಪೇಶ ಹಿಂಬಾಲಿಸಿದ.

ದುರುಗಜ್ಜಿಯ ಗುಡಿಸಲು ನೀರಿಗೆ ತೀರ ಹತ್ತಿರವಿತ್ತು.

“ಅಜ್ಜಿ, ಮಳೆಗಾಲ ಮುಗಿಯುವ ತನಕ ಇವನು ನಿಮ್ಮ ಮನೆಯಲ್ಲೇ ಇರಲಿ.”

“ಇರಲಿ ಸ್ವಾಮಿ. ಮೀನು ತಿಂತಾನಾ?”

“ಹಾಕಿದ್ದು ತಿನ್ನುತ್ತಾನೆ,” ಎಂದು ಗುರುಗಳು ಹೊರಟುಹೋದರು.

ತಿಪ್ಪೇಶ ಜಗಲಿಯ ಮೇಲೆ ಕೂತ. ಗೋಡೆಯ ಮೇಲೆ ಕಳೆದ ಸಲದ ನೀರಿನ ಕಲೆ ಅವನ ತಲೆಗಿಂತ ಎತ್ತರದಲ್ಲಿತ್ತು. ಒಳಗೆ ಅಜ್ಜಿಯ ಮೊಮ್ಮಗಳು ತೊಟ್ಟಿಲಲ್ಲಿ ಅಳುತ್ತಿದ್ದಳು. ಅವನು ಎದ್ದುಹೋಗಿ ತೊಟ್ಟಿಲು ತೂಗಿದ.

ಕೋಡ್ ತೆರೆದ. ಪ್ರತಿ ಸಾಲಿನ ಮುಂದೆಯೂ ನಿಂತು ಕೇಳಿಕೊಂಡ: ಈ ಜಾಗ ಯಾರು ಪಡೆದದ್ದು? ಇನ್ನೂ ಯಾರಿಗೆ ಬೇಕು? ತಾನು ಪಡೆದದ್ದನ್ನು ಬಿಟ್ಟುಕೊಟ್ಟ. ಇಂಟರ್‌ಪ್ರಿಟರ್ ಬಳಸಲು ಕೊಟ್ಟದ್ದನ್ನು ಮುಟ್ಟಲಿಲ್ಲ. ಬರೆದದ್ದನ್ನು ಮತ್ತೆ ಪರೀಕ್ಷಿಸಿದ, ಮತ್ತೂ ಪರೀಕ್ಷಿಸಿದ. ಆಮೇಲೆ ಆಶ್ರಮದ ಯಂತ್ರಕ್ಕೆ ಹಾಕಿದ.

ಮುಂದಿನ ಮಳೆಗೆ ಹೊಳೆ ಉಬ್ಬಿತು. ನೀರು ಅಂಗಳಕ್ಕೆ ಬರುವ ಮೊದಲೇ ಸೈರನ್ ಕೂಗಿತು. ತಿಪ್ಪೇಶ ಮಗುವನ್ನು ಎದೆಗವಚಿಕೊಂಡು, ಅಜ್ಜಿಯ ಕೈಹಿಡಿದು ದಿಬ್ಬ ಹತ್ತಿದ. ಅಲ್ಲಿ ಗುರುಗಳು ನಿಂತಿದ್ದರು.

“ಗುರುಗಳೇ,” ಎಂದ ತಿಪ್ಪೇಶ. “ಎಲ್ಲ ಸರಿಯಾಗಿದೆ. ಆದರೆ ನನ್ನ ಹೆದರಿಕೆ ಹೋಗಲೇ ಇಲ್ಲ.”

ಗುರುಗಳು ಅವನ ಎದೆಗೊರಗಿದ್ದ ಮಗುವನ್ನು ನೋಡಿದರು.

“ಆಗ ಮುಖ ತೋರಿಸುವುದು ಹೇಗೆ ಎಂದಿದ್ದೆ. ಇದು ಅದೇ ಹೆದರಿಕೆಯೇನು?”