ತಂತಿ ಪೆಟ್ಟಿಗೆಯ ಕೀಲಿ

ಊಹಿಸಿ ನೋಡೋಣ. ಆಶ್ರಮದ ಆಸ್ಪತ್ರೆಗೆ ಎರಡನೆಯ ನೆಟ್‌ವರ್ಕ್ ತಂತಿ ಎಳೆಯುತ್ತೇನೆ, ಪೆಟ್ಟಿಗೆಯ ಕೀಲಿ ಕೊಡಿ ಎಂದು ಶಿಷ್ಯ ಕೇಳಿದ ದಿನ ಅಲ್ಲಿ ಏನಾಯಿತು?

ಗುರುಗಳು ಬೈದರು ಅಂತೀರಾ? ತಪ್ಪು. ಕೀಲಿ ಕೊಟ್ಟು ಕಳಿಸಿದರು? ಅದೂ ತಪ್ಪು. ಊಟದ ಮನೆಯ ಕಿಟಕಿಯ ಮುಂದೆ ಕೂರಿಸಿದರು. ಇರಲಿ, ಮೊದಲಿಂದಲೇ ಹೇಳುತ್ತೇನೆ.

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಗುರುಗಳು ಅಡಿವೆಯ್ಯನವರು, ಕಾವಿ ಉಡುವ ಮುಂಚೆ ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿದವರು. ಶಿಷ್ಯ ಯಮನೂರಪ್ಪ, ಐಟಿಐ ಓದಿ, ಆಶ್ರಮದ ಪಂಪು, ದೀಪ, ಕಂಪ್ಯೂಟರು ಎಲ್ಲ ನೋಡಿಕೊಳ್ಳುವವನು.

ಪ್ರತಿ ಬುಧವಾರ ಅಲ್ಲಿ ಕಣ್ಣಿನ ತಪಾಸಣೆ. ನಗರದ ಡಾಕ್ಟರು ಪರದೆಯ ಮೇಲೆ ಬರುತ್ತಾರೆ. ಸುತ್ತಲ ಹಳ್ಳಿಗಳಿಂದ ನಲವತ್ತು ಐವತ್ತು ಜನ ಬಂದು ಜಗಲಿಯ ಮೇಲೆ ಕೂರುತ್ತಾರೆ. ಇಲಿ ತಂತಿ ಕಡಿದರೆ ಅಷ್ಟೂ ಜನ ಬಂದ ದಾರಿಗೆ ಸುಂಕವಿಲ್ಲದೆ ವಾಪಸು. ಹಾಗೆ ಎರಡು ಬುಧವಾರ ಆಗಿತ್ತು.

ನೆಟ್ ತಂತಿಗಳೆಲ್ಲ ಬಂದು ಸೇರುವ ಸ್ವಿಚ್ಚು ಒಂದು ಬೀಗದ ಪೆಟ್ಟಿಗೆಯಲ್ಲಿತ್ತು. ಆ ಪೆಟ್ಟಿಗೆಗೆ ದಾರ ಕಟ್ಟಿ ತೂಗುಹಾಕಿದ ನೋಟ್‌ಬುಕ್ಕಿನಲ್ಲಿ ಆ ಎರಡೂ ತಾರೀಖುಗಳಿದ್ದವು. ನೆಟ್ ಕೆಟ್ಟ ದಿನ ಮಾತ್ರ ಅದರಲ್ಲಿ ಬರೆಯುವುದು. ಅಲ್ಲಿಯ ರೂಢಿ ಹಾಗೆ.

"ಅಜ್ಜಾರ, ಇನ್ನೊಂದು ತಂತಿ ಎಳದಬಿಡ್ತೀನ್ರಿ. ಒಂದು ಹರದ್ರ ಒಂದು ಇರತೈತಿ. ಕೀಲಿ ಕೊಡ್ರಿ."

"ಹೊರಗ ಮಂದಿ ಕುಂತಾರ. ಮೊದಲ ಲ್ಯಾಪ್‌ಟಾಪಿನಾಗ ಕಟ್ಟಿ ತೋರಿಸು."

ಲಿನಕ್ಸ್‌ನಲ್ಲಿ ಅಂಥದೊಂದು ತಂತ್ರಾಂಶ ಇದೆ. ಲ್ಯಾಪ್‌ಟಾಪಿನೊಳಗೇ ಇಡೀ ನೆಟ್‌ವರ್ಕ್ ಕಟ್ಟಿ ನಡೆಸಬಹುದು. ಸ್ವಿಚ್ಚು ಸುಳ್ಳು, ತಂತಿ ಸುಳ್ಳು. ಆದರೆ ಅವು ವರ್ತಿಸುವುದು ನಿಜದವುಗಳಂತೆಯೇ. ಓದುವಾಗ ನಮಗೆಲ್ಲ ಇಂಥದು ಎಲ್ಲಿತ್ತು ಹೇಳಿ.

ಯಮನೂರಪ್ಪ ವೆಬ್‌ಸೈಟಿನಲ್ಲಿದ್ದ ಆದೇಶಗಳನ್ನು ಒಂದೊಂದಾಗಿ ಟರ್ಮಿನಲ್‌ಗೆ ಹಾಕಿದ. ಪಾಸ್‌ವರ್ಡ್ ಕೇಳಿತು, ಕೊಟ್ಟ. ಕೊನೆಗೆ ಅಂದವಾದ ಕಿಟಕಿಯೊಂದು ತೆರೆಯಿತು. ಎಳೆದು ಎಳೆದು ಸ್ವಿಚ್ಚು ಇಟ್ಟ, ಗೆರೆ ಎಳೆದು ತಂತಿ ಹಾಕಿದ, ಶುರು ಎಂಬ ಗುಂಡಿ ಒತ್ತಿದ.

ಸಂಪರ್ಕ ಸಿಗಲಿಲ್ಲ ಎಂದು ಕೆಂಪಕ್ಷರ ಬಂತು.

ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದ. ಅದೇ ಕೆಂಪಕ್ಷರ. ಮೂರನೇ ಸಲವೂ ಅದೇ.

"ಇದರಾಗ ಏನೋ ಐಬೈತ್ರಿ ಅಜ್ಜಾರ. ಮೂರು ಸಲ ಹಾಕೀನಿ, ಸುರು ಆಗವಲ್ದು."

"ಉಂಡಿಯೇನು?"

"ಎಲ್ಲೀ ಊಟರಿ."

"ಬಾ."

ಊಟದ ಮನೆಯಲ್ಲಿ ಬಡಿಸುವ ಕಿಟಕಿ ತೆರೆದಿತ್ತು. ಗುರುಗಳು ಅದರ ಮುಂದೆ ತಟ್ಟೆ ಇಟ್ಟರು.

"ರೊಟ್ಟಿ ಕೇಳು."

"ಯಾರನ್ನ ಕೇಳ್ಲಿರಿ? ಅಡಿಗಿ ಸಂಗವ್ವ ಹೊಳೀಗೆ ಹೋಗ್ಯಾಳ."

"ಕಿಟಕಿ ತೆರದೈತಲ್ಲ."

"ಕಿಟಕಿ ರೊಟ್ಟಿ ಬಡೀತೈತೇನ್ರಿ?"

"ಹಂಗಾರ ಬಡಗ್ಯಾನ್ನ ಕರೆಸಿ ಕಿಟಕಿ ಹೊಸದು ಕೂರಿಸೋಣ. ಮೂರು ಸಲ ಕೂರಿಸಿದ್ರ ಬಡದೀತು."

ಯಮನೂರಪ್ಪ ತಟ್ಟೆ ನೋಡಿದ, ಕಿಟಕಿ ನೋಡಿದ. ತಟ್ಟೆಯನ್ನು ಅಲ್ಲೇ ಬಿಟ್ಟು ಲ್ಯಾಪ್‌ಟಾಪಿನ ಕಡೆ ಓಡಿದ. ಗುರುಗಳೂ ಹಿಂದೆ ನಡೆದರು.

ವಿಷಯ ಇಷ್ಟೇ. ಪರದೆಯ ಮೇಲೆ ಕಾಣುವ ಆ ಕಿಟಕಿ ಬೇಡಿಕೆ ತೆಗೆದುಕೊಳ್ಳುತ್ತದೆ, ಅಷ್ಟೇ. ಕೆಲಸ ಮಾಡುವ ಭಾಗ ಬೇರೆ, ಅದಕ್ಕೆ ಸೇವೆ ಎನ್ನುತ್ತಾರೆ; ಅದು ಹಿಂದೆ, ಕಾಣದ ಕಡೆ ಓಡುತ್ತಿರಬೇಕು. ಅದನ್ನು ಎಬ್ಬಿಸುವ ಆದೇಶ ಆ ಪುಟದಲ್ಲಿಯೇ ಇತ್ತು. ಚಿತ್ರ ನೋಡುವ ಅವಸರದಲ್ಲಿ ಹಾರಿಸಿದ್ದ.

ಮೊದಲು ಸೇವೆಯನ್ನು ಎಬ್ಬಿಸಿದ. ಆಮೇಲೆ ಕಿಟಕಿ ತೆರೆದ. ಗುಂಡಿ ಒತ್ತಿದ. ಕೆಂಪಕ್ಷರ ಬರಲಿಲ್ಲ. ಸುಳ್ಳು ಪೆಟ್ಟಿಗೆಯಿಂದ ಸುಳ್ಳು ಆಸ್ಪತ್ರೆಗೆ, ಇದ್ದೀಯಾ ಎಂದು ಕೇಳುವ ಪಿಂಗ್ ಕಳಿಸಿದ. ಉತ್ತರ ಸಾಲಾಗಿ ಬರತೊಡಗಿತು.

"ನಡೀತ್ರಿ. ಕೀಲಿ ಕೊಡ್ರಿ."

"ನಿನ್ನ ಎರಡನೇ ತಂತಿ ಎಲ್ಲೈತಿ ಇದರಾಗ?"

"ಅದೇನು ನೋಡೋದೈತ್ರಿ. ಬರೇ ತಂತಿ ಅದು."

"ಬರೇ ತಂತಿನ ಅಲ್ಲೇನು? ಹಾಕು."

ಹಾಕಿದ. ಮತ್ತೆ ಪಿಂಗ್ ಕಳಿಸಿದ. ಉತ್ತರ ಇಲ್ಲ. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡತೊಡಗಿತು. ಮೌಸು ಕೂಡ ಅಲ್ಲಾಡಲಿಲ್ಲ.

ಯಮನೂರಪ್ಪ ಮುಚ್ಚಳ ಹಾಕಲು ಕೈ ಚಾಚಿದ. ಗುರುಗಳು ಆ ಕೈ ಹಿಡಿದರು.

"ಏನಾತು ಹೇಳು."

ಯಮನೂರಪ್ಪ ಪರದೆಯ ಮೇಲಿನ ಎರಡೂ ಗೆರೆಗಳ ಮೇಲೆ ಬೆರಳಾಡಿಸಿದ. "ಈ ತಂತಿ ಹಿಡದು ಹೋದ ಮಾತು ಆ ತಂತಿ ಹಿಡದು ತಿರುಗಿ ಬರಾಕ್ಹತ್ತೇತ್ರಿ. ಮತ್ತ ಹೊಂಟೈತಿ, ಮತ್ತ ಬಂದೈತಿ. ಬ್ಯಾರೇದಕ್ಕ ದಾರಿನ ಉಳಿದಿಲ್ಲ."

"ಕೆಡಿಸಿದವ್ರು ಯಾರು?"

"ನಾನ ರೀ."

ಅಷ್ಟರಲ್ಲಿ ಅಂಗಳದ ಆಚೆಯಿಂದ ನರ್ಸ್ ರೆಬೆಕ್ಕಮ್ಮನ ದನಿ ಕೇಳಿಸಿತು. "ಮುಂದಿನೋರು ಬರ್ರಿ. ಕನ್ನಡಕ ತೆಗೀರಿ, ಡಾಕ್ಟರ್ ಕೇಳ್ತಾರ."

ಯಮನೂರಪ್ಪ ಆ ಕಡೆ ನೋಡಿದ. ಜಗಲಿಯ ಮೇಲೆ ಒಬ್ಬ ಮುದುಕಿ ಎದ್ದು, ಸೀರೆ ಸರಿಮಾಡಿಕೊಂಡು ಒಳಗೆ ಹೋದಳು. ಕೀಲಿ ಸಿಕ್ಕಿದ್ದರೆ ಡಾಕ್ಟರ ಪರದೆ ಇಷ್ಟೊತ್ತಿಗೆ ನಿಂತಿರುತ್ತಿತ್ತು.

ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದ. ಎರಡು ತಂತಿ ಇದ್ದಾಗ ಒಂದು ಸುಮ್ಮನಿರಬೇಕು, ಇನ್ನೊಂದು ಹರಿದಾಗಷ್ಟೇ ಅದು ಏಳಬೇಕು. ಅದಕ್ಕೆ ಸ್ವಿಚ್ಚಿನಲ್ಲಿ ಒಂದು ಸೆಟ್ಟಿಂಗ್ ಉಂಟು. ಹುಡುಕಿ ಹಾಕಿದ. ಪಿಂಗ್ ಬಂತು. ಪರದೆಯ ಮೇಲೆಯೇ ಮೊದಲನೇ ತಂತಿಯನ್ನು ಕಿತ್ತ. ಉತ್ತರ ನಿಂತಿತು. ಸ್ವಲ್ಪ ತಡೆದು ಎರಡನೆಯದು ಕೆಲಸ ಹಿಡಿಯಿತು.

ಗುರುಗಳು ಉಡಿದಾರದಿಂದ ಕೀಲಿ ಬಿಚ್ಚಿ ಮುಂದೆ ಚಾಚಿದರು.

"ಈಗ ಬ್ಯಾಡ್ರಿ ಅಜ್ಜಾರ. ಮಂದಿ ಹೋಗ್ಲಿ. ಅಲ್ಲೀಮಟ ಇನ್ನೂ ನಾಕು ಥರ ಕೆಡಿಸಿ ನೋಡ್ತೀನ್ರಿ."

ಗುರುಗಳು ಕೀಲಿಯನ್ನು ಲ್ಯಾಪ್‌ಟಾಪಿನ ಮೇಲಿಟ್ಟು ಎದ್ದರು.

"ಹೋಗಿ ಆ ಪೆಟ್ಟಿಗಿ ಬುಕ್ಕಿನಾಗ ಬರಿ."

"ಏನಂತ ಬರೀಲಿರಿ? ಆಸ್ಪತ್ರಿ ನೆಟ್ ಏನೂ ಆಗಿಲ್ಲಲ್ರಿ."

"ಅದನ್ನ ಬರಿ. ಏನೂ ಆಗಲಿಲ್ಲ. ತಾರೀಖು ಹಾಕು: ಹದಿನೆಂಟನೇ ಜನವರಿ, ಎರಡು ಸಾವಿರದ ಇಪ್ಪತ್ಮೂರು, ಬುಧವಾರ."